ಹಾರುವ ಲಾಳಿ ಬಂದಾಗ ನೇಕಾರರು ಹಾಕಿದ ಲೆಕ್ಕ

ಬೆಂಗಳೂರಿನ ಕಂಪನಿ ಸೇರಿದ ನಮ್ಮ ಕಡೆಯ ಹುಡುಗರಿಗೆ ಮೊದಲು ತರಬೇತಿ ಇರುತ್ತದೆ. ನಿಮಗೆ ನೀವೇ ನಾಯಕರಾಗಿ, ಹೊಸದನ್ನು ಯೋಚಿಸಿ, ಕಷ್ಟಕ್ಕೆ ಕುಗ್ಗಬೇಡಿ ಎಂದು ಅಲ್ಲಿ ಹೇಳಿಕೊಡುತ್ತಾರೆ. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಲ್ಲಿ ಮಗ್ಗದ ಸದ್ದು ಕೇಳುತ್ತಾ ಬೆಳೆದವರಿಗೆ ಇದರಲ್ಲಿ ಹೊಸದೇನಿದೆ? ನೂಲು ಕೊಟ್ಟು ಬಟ್ಟೆ ಒಯ್ಯುವ ಸಾಹುಕಾರ ಇದ್ದ, ನಿಜ. ಆದರೆ ಕುಣಿಯಲ್ಲಿ ಕಾಲಿಳಿಸಿ ಕೂತವನಿಗೆ ಹೀಗೆ ನೇಯಿ ಎಂದು ಹೇಳಲು ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ.

ಹಳೆಯ ಕುಣಿ ಮಗ್ಗದಲ್ಲಿ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಬಟ್ಟೆಯ ಅಗಲ ತೋಳಿನ ಅಳತೆ ಮೀರುವುದು ಕಷ್ಟ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಇದಕ್ಕೆ ಉಪಾಯ ಹುಡುಕಿದ. ಹಗ್ಗ ಜಗ್ಗಿದರೆ ಲಾಳಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ತಾನೇ ಓಡುತ್ತದೆ, ಇನ್ನೊಂದು ಕೈ ಹಣಿಗೆ ಬಡಿಯಲು ಬಿಡುವಾಗುತ್ತದೆ. ದಿನದ ನೇಯ್ಗೆ ಹೆಚ್ಚುಕಡಿಮೆ ಇಮ್ಮಡಿ.

ಇದು ನಮ್ಮ ದೇಶದ ಮಗ್ಗಗಳಲ್ಲಿ ಹರಡಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಸರ್ಕಾರಗಳು ನೇಯ್ಗೆ ಶಾಲೆ ತೆರೆದು ಕಲಿಸಲು ಹೊರಟವು. ಮದ್ರಾಸ್ ಸರ್ಕಾರದ ಅಧಿಕಾರಿ ಆಲ್ಫ್ರೆಡ್ ಚಾಟರ್ಟನ್ 1906ರಲ್ಲಿ ಸೇಲಂನಲ್ಲಿ ಒಂದು ಕೈಮಗ್ಗದ ಕಾರ್ಖಾನೆಯನ್ನೇ ಶುರು ಮಾಡಿದ. ನೇಕಾರರು ಗಂಟೆ ಹೊಡೆದಾಗ ಬರಲು, ಗಂಟೆ ಹೊಡೆದಾಗ ಹೋಗಲು ಒಲ್ಲೆ ಎಂದರು. ಮನೆಯ ಮಗ್ಗವೇ ಅವರಿಗೆ ಹಿತ. ಕಾರ್ಖಾನೆ ಹೆಚ್ಚು ದಿನ ನಡೆಯಲಿಲ್ಲ, ಹಾರುವ ಲಾಳಿ ಮಾತ್ರ ದಕ್ಷಿಣದ ಊರೂರಿನಲ್ಲಿ ಉಳಿಯಿತು. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟರು, ಅಷ್ಟೇ.

ಎಲ್ಲರೂ ಅದನ್ನು ಒಪ್ಪಿಕೊಳ್ಳಲಿಲ್ಲ. ನೇಕಾರರು ಹಳೇ ಚಾಳಿ ಬಿಡುವುದಿಲ್ಲ ಎಂದು ಆಗಿನ ಅಧಿಕಾರಿಗಳು ದೂರುತ್ತಿದ್ದರು. ನನಗೆ ಆ ದೂರು ಸರಿ ಅನ್ನಿಸುವುದಿಲ್ಲ. ಬರೀ ಸಾದಾ ಬಟ್ಟೆ ನೇಯುವವನಿಗೆ ಹಾರುವ ಲಾಳಿ ಲಾಭ. ಆದರೆ ಎರಡೂ ಅಂಚಿಗೆ ಒಂದು ಬಣ್ಣ, ಒಡಲಿಗೆ ಇನ್ನೊಂದು ಬಣ್ಣ ಬರುವ ಸೀರೆಗೆ ಮೂರು ಲಾಳಿ ಬೇಕು, ಅಂಚು ಒಡಲು ಸೇರುವಲ್ಲಿ ಎಳೆಗೆ ಎಳೆ ಸಿಕ್ಕಿಸಬೇಕು. ಅದನ್ನು ಹಗ್ಗ ಜಗ್ಗಿ ಮಾಡಲಾಗದು. ಸೀರೆ ನೇಯುವವರು ಕೈ ಲಾಳಿ ಬಿಡದಿದ್ದುದು ಹಟದಿಂದಲ್ಲ, ಲೆಕ್ಕದಿಂದ. ಮಗ್ಗ ಬದಲಿಸಿದ ಮೇಲೆ ನೂಲು ಹರಿದರೆ ಆ ದಿನದ ಕೂಲಿ ಹೋಗುವುದು ಅವರದೇ ಮನೆಯದು, ಕಲಿಸಲು ಬಂದವರದಲ್ಲ.

ಇಳಕಲ್ಲಿನ ಸೀರೆ ನೋಡಿ. ಸೆರಗಿಗೆ ರೇಷ್ಮೆಯ ಹಾಸು, ಒಡಲಿಗೆ ಬೇರೆ ಹಾಸು. ಎರಡನ್ನೂ ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ಒಂದೇ ಸೀರೆ ಮಾಡುತ್ತಾರೆ. ಒಡಲು ಹತ್ತಿಯದಾದರೆ ದುಬಾರಿ ರೇಷ್ಮೆಯ ಹಾಸು ಸೆರಗಿನಷ್ಟಕ್ಕೇ ಸಾಕು. ಹೀಗೆ ಕೊಂಡಿ ಹಾಕಬೇಕಾದ್ದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧ ಮಾಡಬೇಕು. ಈ ಉಪಾಯ ಯಾರದ್ದೆಂದು ಹೆಸರು ಉಳಿದಿಲ್ಲ. ಕಂಡಿಕಿ ಸುತ್ತುವ ಹೆಂಗಸರ ಕೂಲಿಯೂ ಹಾಗೆಯೇ, ಬಹಳ ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ಪವರ್‌ಲೂಮ್ ಬಂತು. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿ ಆಯಿತು. ಮೊದಲು 22 ಬಗೆ ಇದ್ದ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಅಷ್ಟರಲ್ಲಿ ಎಷ್ಟೋ ನೇಕಾರರು ತಾವೇ ಸಾಲ ಮಾಡಿ ಪವರ್‌ಲೂಮ್ ಹಾಕಿದ್ದರು. ಅದೂ ಒಂದು ಲೆಕ್ಕವೇ, ಆದರೆ ಈ ಸಲ ಕರೆಂಟ್ ಬಿಲ್ಲು ಮತ್ತು ನೂಲಿನ ದರ ಅವರ ಕೈಯಲ್ಲಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ನೇಯ್ದ ಸೀರೆ ಮನೆಯಲ್ಲೇ ಉಳಿದವು. ಕುಗ್ಗದೆ ನಿಂತ ನೇಕಾರರನ್ನು ಹೊಗಳುವವರಿಗೇನೂ ಕಡಿಮೆ ಇರಲಿಲ್ಲ. ಆ ವರ್ಷ ಸರ್ಕಾರ ನೇಕಾರ ಸಮ್ಮಾನ್ ಯೋಜನೆ ತಂದು ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡುತ್ತೇನೆ ಎಂದಿತು. ದಿನಕ್ಕೆ ಹಂಚಿದರೆ ಐದೂವರೆ ರೂಪಾಯಿ.