ವೃದ್ಧರ ಸನ್ನಿ: ಪತ್ತೆಗೆ ಎರಡು ನಿಮಿಷದ ಪರೀಕ್ಷೆ

ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ ಹಿರಿಯರು ಶಸ್ತ್ರಚಿಕಿತ್ಸೆಯ ಮರುರಾತ್ರಿ ಮಗಳನ್ನೇ ಗುರುತಿಸದಿರಬಹುದು. ಸಲೈನ್ ನಳಿಕೆ ಕಿತ್ತು ಮನೆಗೆ ಹೊರಡಬಹುದು. ‘ವಯಸ್ಸಿನ ಅರಳುಮರಳು’ ಎಂದು ಬಂಧುಗಳು ಸುಮ್ಮನಾಗುವುದುಂಟು. ಆದರೆ ಇದು ತುರ್ತು ಚಿಕಿತ್ಸೆ ಬೇಡುವ ಡೆಲಿರಿಯಂ, ಅಂದರೆ ಸನ್ನಿ ಇರಬಹುದು.

ಮರೆಗುಳಿತನ (ಡಿಮೆನ್ಷಿಯಾ) ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಸನ್ನಿ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕಾಣಿಸಿಕೊಂಡು ಏರಿಳಿಯುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ, ನಿರ್ಜಲೀಕರಣ, ಸೋಡಿಯಂ ಏರುಪೇರು, ನಿದ್ರೆ ಮಾತ್ರೆ ಇದರ ಸಾಮಾನ್ಯ ಕಾರಣಗಳು. ಕೂಗಾಡದೆ ಮಂಕಾಗಿ ಮಲಗಿರುವ ರೋಗಿಯಲ್ಲಿ ಸನ್ನಿ ಗಮನಕ್ಕೆ ಬಾರದೆ ಉಳಿಯುವುದೇ ಹೆಚ್ಚು.

<b>ಕ್ಯಾಮ್</b>
ಅಮೆರಿಕದ ವೈದ್ಯೆ ಶರಾನ್ ಇನೌಯೆ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ವಿಧಾನ. ಇದು ನಾಲ್ಕು ಲಕ್ಷಣಗಳನ್ನು ನೋಡುತ್ತದೆ: ದಿಢೀರ್ ಆರಂಭ ಹಾಗೂ ಏರಿಳಿತ, ಗಮನದ ಕೊರತೆ, ಅಸ್ತವ್ಯಸ್ತ ಯೋಚನೆ, ಎಚ್ಚರದ ಮಟ್ಟದಲ್ಲಿ ವ್ಯತ್ಯಾಸ. ಮೊದಲೆರಡರ ಜತೆ ಉಳಿದವುಗಳಲ್ಲಿ ಒಂದಿದ್ದರೆ ಸನ್ನಿ ಎಂದು ಪರಿಗಣಿಸಲಾಗುತ್ತದೆ. ವೆಂಟಿಲೇಟರ್‌ನಲ್ಲಿದ್ದು ಮಾತನಾಡಲಾಗದವರಿಗಾಗಿ ‘ಕ್ಯಾಮ್-ಐಸಿಯು’ 2001ರಲ್ಲಿ ಬಂದಿತು. ನಿಗದಿತ ಅಕ್ಷರ ಕೇಳಿದಾಗ ರೋಗಿ ಕೈ ಹಿಚುಕಬೇಕು.

<b>4ಎಟಿ</b>
ಸುಮಾರು ಎರಡು ನಿಮಿಷದ ಈ ಪರೀಕ್ಷೆಯಲ್ಲಿ ಎಚ್ಚರದ ಮಟ್ಟ ನೋಡಿ, ವಯಸ್ಸು, ಹುಟ್ಟಿದ ದಿನಾಂಕ, ಸ್ಥಳ, ವರ್ಷ ಕೇಳಲಾಗುತ್ತದೆ. ಡಿಸೆಂಬರ್‌ನಿಂದ ಹಿಮ್ಮುಖವಾಗಿ ತಿಂಗಳುಗಳನ್ನು ಹೇಳಿಸಲಾಗುತ್ತದೆ. ಕೊನೆಯದು ಇತ್ತೀಚಿನ ದಿಢೀರ್ ಬದಲಾವಣೆ. ಒಟ್ಟು 12 ಅಂಕಗಳಲ್ಲಿ 4 ಅಥವಾ ಹೆಚ್ಚು ಬಂದರೆ ಸನ್ನಿಯ ಶಂಕೆ. 1ರಿಂದ 3 ಬಂದರೆ ಬೌದ್ಧಿಕ ಕುಂದಿನ ಸಾಧ್ಯತೆ.

<b>ಮಿತಿಗಳು</b>
1975ರಿಂದ ಬಳಕೆಯಲ್ಲಿರುವ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆ ಬೌದ್ಧಿಕ ಕುಂದನ್ನು ತೋರಿಸುತ್ತದೆ. ಅದು ಸನ್ನಿಯೋ ಮರೆಗುಳಿತನವೋ ಎಂಬುದನ್ನು ತಾನಾಗಿ ಬೇರ್ಪಡಿಸದು. ಶಾಲೆಯ ಮೆಟ್ಟಿಲು ಹತ್ತದ, ಹುಟ್ಟಿದ ದಿನಾಂಕವನ್ನೇ ಅರಿಯದ ಹಿರಿಯರು ಆರೋಗ್ಯವಂತರಾಗಿದ್ದರೂ ಅಂಕ ಕಳೆದುಕೊಳ್ಳಬಹುದು. ಯಾವುದೇ ಪರೀಕ್ಷೆ ಸುಳಿವು ಮಾತ್ರ, ರೋಗನಿರ್ಣಯ ವೈದ್ಯರದು.

ಹೀಗಾಗಿ ಮನೆಯವರ ಮಾತಿಗೆ ಬೆಲೆ ಹೆಚ್ಚು. ‘ಅಜ್ಜಿ ಮೊನ್ನೆಯವರೆಗೆ ಹೀಗಿರಲಿಲ್ಲ’ ಎಂಬ ಒಂದು ವಾಕ್ಯವನ್ನು ದಾದಿಯರಿಗೆ ಒಡನೆಯೇ ತಿಳಿಸಬೇಕು. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಕೊಡಬೇಕು. ಕನ್ನಡಕ, ಶ್ರವಣಯಂತ್ರ ಕೈಗೆಟುಕುವಂತಿರಲಿ, ಪರಿಚಿತರೊಬ್ಬರು ಪಕ್ಕದಲ್ಲಿರಲಿ, ರಾತ್ರಿ ನಿದ್ರೆಗೆ ಭಂಗ ಬಾರದಿರಲಿ. ಮೂಲ ಕಾರಣವನ್ನು ಬೇಗ ಗುರುತಿಸಿ ಚಿಕಿತ್ಸೆ ನೀಡಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ.