ಕೈಲಾಸಂ, ಟಿ. ಪಿ.: ವಿನೋದ ಮತ್ತು ವಿವೇಕ

ತ್ಯಾಗರಾಜ ಪರಮಶಿವ ಕೈಲಾಸಂ (1884–1946): ಆಧುನಿಕ ಕನ್ನಡ ರಂಗಭೂಮಿಯ ಅಗ್ರಗಣ್ಯ ನಾಟಕಕಾರರು, ‘ಪ್ರಹಸನ ಪಿತಾಮಹ’ರೆಂದು ಪ್ರಸಿದ್ಧರು. ಮನೆಮಾತು ತಮಿಳು, ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ತರುವಾಯ ಲಂಡನ್ನಿನಲ್ಲಿಯೂ ಭೂವಿಜ್ಞಾನವನ್ನು ವ್ಯಾಸಂಗಮಾಡಿ, ಅಲ್ಲಿಯ ನಾಟಕಶಾಲೆಗಳ ಕಲೆಯನ್ನು ಮನಸಾರೆ ಸವಿದು, 1915ರಲ್ಲಿ ಸ್ವದೇಶಕ್ಕೆ ಮರಳಿ ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಸೇರಿದ ಇವರು, ಕೆಲವೇ ವರ್ಷಗಳಲ್ಲಿ ಆ ಉದ್ಯೋಗವನ್ನು ತ್ಯಜಿಸಿ ರಂಗಭೂಮಿಗೇ ತಮ್ಮನ್ನು ಒಪ್ಪಿಸಿಕೊಂಡರು.

ಅಂದಿನ ಕಂಪನಿ ನಾಟಕಗಳಲ್ಲಿ ಪುರಾಣಕಥೆ, ಸಂಗೀತ, ಚಿತ್ರವಿಚಿತ್ರವಾದ ಪರದೆ ಇವುಗಳದೇ ಪ್ರಾಬಲ್ಯ. ಹಾಸ್ಯವಾದರೋ ಮುಖ್ಯಕಥೆಯ ನಡುನಡುವೆ ಬಂದುಹೋಗುವ ವಿರಾಮಮಾತ್ರ. ಕೈಲಾಸಂ ಹಾಸ್ಯವನ್ನೇ ನಾಟಕದ ಜೀವಾಳವನ್ನಾಗಿ ಮಾಡಿ, ಹಳೆಯ ಮೈಸೂರಿನ ಮಧ್ಯಮವರ್ಗದ ನಡುಮನೆಯನ್ನು, ಅಲ್ಲಿ ಇಂಗ್ಲಿಷ್ ಬೆರೆಸಿ ಆಡುತ್ತಿದ್ದ ದಿನಬಳಕೆಯ ಮಾತಿನೊಡನೆಯೇ ರಂಗಕ್ಕೆ ತಂದರು. ‘ಬಂಡ್ವಾಳ್ವಿಲ್ಲದ ಬಡಾಯಿ’ಯಲ್ಲಿ ಜಂಭಕೊಚ್ಚುವ ವಕೀಲ ಅಹೋಬ್ಲುವೂ, ‘ತಾಳಿ ಕಟ್ಟೋಕ್ಕೂಲೀನೇ’ ನಾಟಕದಲ್ಲಿ ವರದಕ್ಷಿಣೆಯ ಪದ್ಧತಿಯೂ ಈ ಹಾಸ್ಯಕ್ಕೆ ಗುರಿಯಾದುವು.

ಆದರೆ ಇವರ ನಗೆ ಕೇವಲ ನಗಿಸಲೆಂದು ಹುಟ್ಟಿದುದಲ್ಲ. ಅದರ ಹಿಂದೆ ಒಂದು ಸ್ಥಿರವಾದ ಮೌಲ್ಯವಿಚಾರವುಂಟು. 1918ರ ‘ಟೊಳ್ಳು ಗಟ್ಟಿ’ಯಲ್ಲಿ ಪರೀಕ್ಷೆಗಳಲ್ಲಿ ಮೇಲೆನಿಸಿಕೊಂಡ ಪುಟ್ಟುವಿನ ವಿದ್ಯೆ ಸಂಕಟದ ವೇಳೆಯಲ್ಲಿ ನಿಷ್ಪ್ರಯೋಜಕವಾಗಿ, ದಡ್ಡನೆನಿಸಿದ್ದ ಮಾಧುವಿನ ಹೃದಯವೇ ಮನೆಯವರಿಗೆ ಆಸರೆಯಾಗುತ್ತದೆ. ‘ಪೋಲೀ ಕಿಟ್ಟಿ’ಯಲ್ಲಿಯೂ ಪೋಲಿಯೆಂದು ಜನ ಜರೆದ ಹುಡುಗನಲ್ಲಿಯೇ ತ್ಯಾಗಬುದ್ಧಿ ನೆಲೆಸಿದೆ. ಇದೇ ಒರೆಗಲ್ಲು ಇವರ ಇಂಗ್ಲಿಷ್ ನಾಟಕಗಳಲ್ಲಿಯೂ ಇದೆ: ‘ಪರ್ಪಸ್’ ನಾಟಕದ ಅರ್ಜುನನು ಲೋಕೈಕ ಧನುರ್ಧರನಾಗಲೆಂದು ಬಿಲ್ವಿದ್ಯೆಯನ್ನು ಬಯಸಿದರೆ, ಏಕಲವ್ಯನು ಅಸಹಾಯಕವಾದ ಜಿಂಕೆಮರಿಗಳನ್ನು ತೋಳಗಳಿಂದ ಕಾಪಾಡಲೆಂದು ಅದನ್ನು ಅರಸುತ್ತಾನೆ. ಪ್ರಹಸನದ ಮಾಧುವೂ ಪುರಾಣದ ಏಕಲವ್ಯನೂ ಒಂದೇ ಅಂತಃಕರಣದ ಸಂತಾನವೆಂಬುದನ್ನು ಮರೆತವರಿಗೆ ಕೈಲಾಸಂ ಅರ್ಧಮಾತ್ರವೇ ದಕ್ಕುತ್ತಾರೆ.

ಬರೆಯುವುದಕ್ಕಿಂತ ಹೇಳುವುದರಲ್ಲಿ ಇವರಿಗೆ ಒಲವು ಹೆಚ್ಚು. ಮಿತ್ರರಿಗೆ ಬಾಯಲ್ಲಿ ಹೇಳಿ ಬರೆಯಿಸಿದ ಕೃತಿಗಳು ಅನೇಕ. ತತ್ಕ್ಷಣದಲ್ಲಿ ಹೊಳೆದ ಚಾಟೂಕ್ತಿಗಳು ಕೇಳಿದವರ ನಾಲಗೆಯಿಂದ ನಾಲಗೆಗೆ ಹರಡಿ, ಇವರ ಹೆಸರಿನಲ್ಲಿ ಒಂದು ಮೌಖಿಕ ಪರಂಪರೆಯೇ ಬೆಳೆಯಿತು. 1945ರಲ್ಲಿ ಮದರಾಸಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಕೈಲಾಸಂ ಮರುವರ್ಷ ಬೆಂಗಳೂರಿನಲ್ಲಿ ನಿಧನರಾದರು. ಪದವಿ, ಪ್ರತಿಷ್ಠೆ, ಪಾಂಡಿತ್ಯಗಳನ್ನು ದಯೆಯೆಂಬ ಅಳತೆಗೋಲಿನಿಂದ ಅಳೆಯಬೇಕೆಂಬ ಪಾಠವನ್ನು ಪ್ರೇಕ್ಷಕರು ನಗುನಗುತ್ತಲೇ ಕಲಿಯುವಂತೆ ಮಾಡಿದುದು ಕನ್ನಡ ರಂಗಭೂಮಿಗೆ ಇವರು ಸಲ್ಲಿಸಿದ ಮಹೋಪಕಾರ.