ಕೊಲೆಯ ಆಪಾದನೆ ಹೊತ್ತ ಹಸಿರು ಮದ್ಯ

1905ರ ಆಗಸ್ಟ್ 28. ಸ್ವಿಟ್ಜರ್ಲೆಂಡಿನ ಕೊಮ್ಯುನಿ ಎಂಬ ಹಳ್ಳಿ. ಝಾನ್ ಲಾನ್‌ಫ್ರೆ ಎಂಬ ಕೂಲಿಯಾಳು ಕುಡಿದು ಮನೆಗೆ ಬಂದ. ಬೂಟಿಗೆ ಪಾಲಿಶ್ ಹಾಕಿಲ್ಲ ಅಂತ ಹೆಂಡತಿ ಜೊತೆ ಜಗಳ ತೆಗೆದ. ಬಂದೂಕು ಎತ್ತಿಕೊಂಡು ಬಸುರಿ ಹೆಂಡತಿಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಕೊಂದುಬಿಟ್ಟ.

ಆ ದಿನ ಅವನು ಕುಡಿದಿದ್ದು ಲೋಟಗಟ್ಟಲೆ ವೈನ್, ಮೇಲಿಂದ ಬ್ರಾಂಡಿ. ಬೆಳಿಗ್ಗೆ ಎರಡು ಗ್ಲಾಸ್ ಅಬ್ಸಿಂತ್. ಜನ ಬೆರಳು ತೋರಿಸಿದ್ದು ಆ ಎರಡು ಗ್ಲಾಸಿನ ಕಡೆಗೆ. ಅದನ್ನು ನಿಷೇಧಿಸಿ ಅಂತ 82,000 ಜನ ಅರ್ಜಿಗೆ ಸಹಿ ಹಾಕಿದರು.

ಅಬ್ಸಿಂತ್ ಅಂದರೆ ಒಂದು ಕಹಿಗಿಡವನ್ನು ಸೋಂಪಿನ ಜಾತಿಯ ಕಾಳುಗಳ ಜೊತೆ ಮದ್ಯದಲ್ಲಿ ನೆನೆಹಾಕಿ ಬಟ್ಟಿ ಇಳಿಸಿದ್ದು. ಬಣ್ಣ ಹಸಿರು, ನೀರು ಬಿದ್ದರೆ ಹಾಲಿನಂತಾಗುತ್ತದೆ. ಆ ಗಿಡ ಬೇರೆ ಯಾರೂ ಅಲ್ಲ, ನಮ್ಮ ದವನ, ಮಾಚಿಪತ್ರೆಗಳ ಸಂಬಂಧಿ. ನಮ್ಮ ವಿಸ್ಕಿ ಬಾಟಲಿ ಮೇಲೆ ಆಲ್ಕೋಹಾಲ್ 42.8 ಅಂತ ಇರುತ್ತದಲ್ಲ, ಇದರಲ್ಲಿ 70ರ ಆಸುಪಾಸು ಇರುವುದೂ ಉಂಟು.

ಮೊದಲು ಇದು ಸ್ವಿಟ್ಜರ್ಲೆಂಡಿನ ಹಳ್ಳಿಮದ್ದು. 1805ರಲ್ಲಿ ಪೆರ್ನೊ ಎಂಬಾತ ಫ್ರಾನ್ಸಿನಲ್ಲಿ ಕಾರ್ಖಾನೆ ಹಾಕಿದ. ಅಲ್ಜೀರಿಯಾಕ್ಕೆ ಹೋದ ಫ್ರೆಂಚ್ ಸೈನಿಕರಿಗೆ ಜ್ವರ ಬಾರದಿರಲಿ ಅಂತ ಕೊಟ್ಟರು, ಅವರು ಚಟ ಹತ್ತಿಸಿಕೊಂಡು ಊರಿಗೆ ಬಂದರು. ಆದರೆ ಇದನ್ನು ಬಡವರ ಕುಡಿತ ಮಾಡಿದ್ದು ಒಂದು ಹುಳ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಬೇರಿನ ರಸ ಹೀರಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನೇ ಒಣಗಿಸಿತು. ವೈನ್ ತುಟ್ಟಿಯಾಯಿತು, ಅಬ್ಸಿಂತ್ ಅಗ್ಗವಾಗಿ ಸಿಕ್ಕಿತು. ತೋಟಗಳು ಮತ್ತೆ ಚಿಗುರಿದಾಗ ವೈನಿನವರಿಗೆ ಗಿರಾಕಿಗಳು ವಾಪಸ್ ಬೇಕಿತ್ತು. ಮದ್ಯವಿರೋಧಿಗಳ ಜೊತೆ ಅವರೂ ಸೇರಿಕೊಂಡರು. ಎಂಥ ಜೋಡಿ ನೋಡಿ!

ವೈದ್ಯರ ಸಾಕ್ಷಿಯೂ ಸಿಕ್ಕಿತ್ತು. ಮಾನ್ಯಾಂ ಎಂಬ ಪ್ಯಾರಿಸ್ಸಿನ ಮನೋವೈದ್ಯ ಈ ಗಿಡದ ಎಣ್ಣೆಯನ್ನು ಪ್ರಾಣಿಗಳಿಗೆ ಕೊಟ್ಟಾಗ ಅವಕ್ಕೆ ಫಿಟ್ಸ್ ಬಂದಿತ್ತು. ಅದು ಗಟ್ಟಿ ಎಣ್ಣೆ, ಗ್ಲಾಸಿನಲ್ಲಿರುವುದು ಅದರ ಒಂದಿಷ್ಟು ಅಂಶ ಅನ್ನುವುದನ್ನು ಯಾರು ಕೇಳಬೇಕು?

ಸ್ವಿಟ್ಜರ್ಲೆಂಡ್ 1910ರಲ್ಲಿ, ಅಮೆರಿಕ 1912ರಲ್ಲಿ, ಫ್ರಾನ್ಸ್ 1915ರಲ್ಲಿ ನಿಷೇಧಿಸಿದವು. ಲಾನ್‌ಫ್ರೆ ಅಷ್ಟರಲ್ಲಾಗಲೇ ಜೈಲಿನಲ್ಲಿ ನೇಣು ಹಾಕಿಕೊಂಡಿದ್ದ.

ಸುಮಾರು ನೂರು ವರ್ಷದ ನಂತರ ನಿಷೇಧಕ್ಕೂ ಮೊದಲಿನ ಹಳೇ ಬಾಟಲಿಗಳನ್ನು ತೆರೆದು ಪರೀಕ್ಷಿಸಿದರು. ಗಿಡದ ವಿಷ ಥುಜೋನ್ ಇದ್ದದ್ದು ತೀರಾ ಕಡಿಮೆ. ತಲೆ ಕೆಡಿಸಿದ್ದು ಆಲ್ಕೋಹಾಲೇ. ಸ್ವಿಟ್ಜರ್ಲೆಂಡ್ 2005ರಲ್ಲೇ ನಿಷೇಧ ತೆಗೆದಿತ್ತು.

ಕ್ರೈಂ ಸುದ್ದಿ ಬರೆಯುವಾಗ ನಾನೂ ‘ಕುಡಿದ ಮತ್ತಿನಲ್ಲಿ’ ಅಂತ ಒಂದೇ ಮಾತಲ್ಲಿ ಮುಗಿಸಿದ್ದಿದೆ. ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ: ಲಾನ್‌ಫ್ರೆ ಕೂಲಿ ಮಾಡುತ್ತಿದ್ದದ್ದು ದ್ರಾಕ್ಷಿತೋಟದಲ್ಲಿ.